ಬಣ್ಣದ ಅಡಿಯ ಗೀರುಗಳು

“ಬುದ್ಧೀ, ನನ್ನ ತಾಯಿಯನ್ನು ದಿನವೂ ನೆನೆಯುತ್ತೇನೆ. ಆದರೂ ಅವಳ ದನಿ ನನಗೆ ಕೇಳಿಸದೆ ಹೋಗಿದೆ. ಏಕೆ?”

ಮಠದಲ್ಲಿ ಓದಿಕೊಂಡಿದ್ದ ಮರಿಮಲ್ಲ ಗುರುಗಳನ್ನು ಹೀಗೆ ಕೇಳಿದ. ಅವನ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊದಮೊದಲು ಹಿಂದಿನಿಂದ ಯಾರಾದರೂ ಕೂಗಿದರೆ ಅವಳೇ ಇರಬೇಕೆಂದು ತಿರುಗಿ ನೋಡುತ್ತಿದ್ದ. ಈಗ ಕಣ್ಣು ಮುಚ್ಚಿ ಎಷ್ಟು ಹೊತ್ತು ಕಾದು ಕುಳಿತರೂ ಮುಖ ಮಸುಕು ಮಸುಕು, ದನಿಯಂತೂ ಇಲ್ಲವೇ ಇಲ್ಲ. ಮರೆತವನು ತಾನಲ್ಲ, ಆದರೂ ಅವಳು ದೂರವಾಗುತ್ತಿದ್ದಾಳೆ ಎಂಬುದೇ ಅವನ ಸಂಕಟ.

“ನಿನ್ನ ತಾಯಿ ಎಂಥವಳು?” ಎಂದು ಗುರುಗಳು ಕೇಳಿದರು.

“ಸಾಕ್ಷಾತ್ ದೇವತೆ, ಬುದ್ಧೀ. ಕರುಣಾಮಯಿ. ಒಂದು ದಿನವೂ ಯಾರ ಮೇಲೂ ದನಿ ಎತ್ತಿದವಳಲ್ಲ.”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಬ್ಬ ಹೆಂಡತಿ, ಒಂದು ಹಳೆಯ ಟ್ರ್ಯಾಕ್ಟರ್. ಇಬ್ಬರಲ್ಲಿ ಯಾರ ಸದ್ದು ಜೋರು ಎಂದು ಊರವರು ತಮಾಷೆ ಮಾಡುತ್ತಿದ್ದರು. ರೈತನೂ ಅವರೊಡನೆ ನಗುತ್ತಿದ್ದ, ಹೆಂಡತಿ ಹತ್ತಿರದಲ್ಲಿಲ್ಲದಿದ್ದಾಗ.

ಟ್ರ್ಯಾಕ್ಟರ್ ಓಡಿಸುವವಳು ಅವಳೇ. ಗಂಡ ಗದ್ದೆಯಲ್ಲಿ ನಿಂತು ಕಬ್ಬು ಕಡಿಸಿದರೆ, ಅದನ್ನು ಹೇರಿಕೊಂಡು ಆಲೆಮನೆಗೆ ಹೋಗುತ್ತಿದ್ದವಳು ಅವಳು. ಅವನಿಗೆ ಓಡಿಸಲು ಬರುತ್ತಿರಲಿಲ್ಲವೆಂದಲ್ಲ. ಅವಳು ಆ ಸೀಟನ್ನು ಬಿಟ್ಟುಕೊಡುತ್ತಿರಲಿಲ್ಲ. ಸಂಜೆ ಬರಿಗಾಡಿ ಎಳೆದುಕೊಂಡು ಹಿಂದಿರುಗುವಾಗ ನಾಲೆಯ ತಿರುವಿನಲ್ಲಿ ಒಮ್ಮೆ ಉದ್ದಕ್ಕೆ ಹಾರನ್ ಬಾರಿಸುತ್ತಿದ್ದಳು. ಅಲ್ಲಿ ಎದುರಿಗೆ ಗಾಡಿಯೂ ಇರುತ್ತಿರಲಿಲ್ಲ, ದನವೂ ಇರುತ್ತಿರಲಿಲ್ಲ. ಆ ಹಾರನ್ ಗಂಡನಿಗೆ. ಬಂದೆ, ಹಂಡೆಯ ಒಲೆಗೆ ಉರಿ ಹಾಕು ಎಂದು ಅದರ ಅರ್ಥ. ಇಡೀ ಊರಿಗೆ ಡಂಗುರ ಹೊಡೆಯುತ್ತಾಳೆ ಎಂದು ಗೊಣಗುತ್ತಲೇ ಅವನು ಉರಿ ಹಾಕುತ್ತಿದ್ದ.

ಅವನಿಗೆ ಬಣ್ಣದ ಹುಚ್ಚು. ವರ್ಷವರ್ಷವೂ ಆಯುಧಪೂಜೆ ಬಂತೆಂದರೆ ಟ್ರ್ಯಾಕ್ಟರನ್ನು ನಾಲೆಯ ನೀರಿನಲ್ಲಿ ತೊಳೆದು, ಒರೆಸಿ, ತಾನೇ ಕುಳಿತು ಕುಂಚ ಹಿಡಿದು ಕೆಂಪು ಬಣ್ಣ ಬಳಿಯುತ್ತಿದ್ದ. ಎಲ್ಲಿಯೂ ತುಕ್ಕು ಕಾಣಿಸಬಾರದು, ಎಲ್ಲಿಯೂ ಕಬ್ಬಿಣ ಕಾಣಿಸಬಾರದು. ಪೂಜೆ ಮುಗಿಯುತ್ತಿತ್ತು, ಕುಂಬಳಕಾಯಿ ಒಡೆದದ್ದಾಗುತ್ತಿತ್ತು. ಮಾರನೆಯ ಬೆಳಗ್ಗೆ ಹೆಂಡತಿ ಕುಡುಗೋಲು ಹಿಡಿದು ಬರುತ್ತಿದ್ದಳು. ಎಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಪೆಟ್ಟಿಗೆಯಿತ್ತು. ಅದನ್ನು ಬಿಚ್ಚಿ, ಅದು ಕೂರುವ ಜಾಗಕ್ಕೆ ಇಳಿದಿದ್ದ ಬಣ್ಣವನ್ನು ಕುಡುಗೋಲಿನ ತುದಿಯಿಂದ ಕರಕರ ಕೆರೆದು, ಪೆಟ್ಟಿಗೆಯನ್ನು ಮತ್ತೆ ಕೂರಿಸುತ್ತಿದ್ದಳು.

“ನೆನ್ನೆ ಬಳ್ದಿರೋ ಬಣ್ಣಾನ ಹಾಳ್ ಮಾಡ್ತಾ ಕುಂತಿದ್ದೀಯಲ್ಲ, ನಿಂಗೇನ್ ಬಂದದೆ?”

“ಅದು ನಂಗೂ ನನ್ ಗಾಡಿಗೂ ಬುಡಿ. ನಿಮ್ಗ್ಯಾಕೆ?”

ಪ್ರತಿ ವರ್ಷವೂ ಇದೇ ಮಾತು, ಇದೇ ಉತ್ತರ. ರೈತ ಊಟದ ಹೊತ್ತಿನವರೆಗೂ ಮುಖ ಊದಿಸಿಕೊಂಡಿರುತ್ತಿದ್ದ. ಆಮೇಲೆ ಅನ್ನ ಬಡಿಸುವಾಗ ಅವಳು ಏನೋ ಅಂದು ನಗಿಸುತ್ತಿದ್ದಳು. ಏಕೆ ಕೆರೆಯುತ್ತೀಯೆ ಎಂದು ಅವನು ಸಮಾಧಾನದಿಂದ ಕೇಳಿದ್ದು ಒಂದು ಸಲವೂ ಇಲ್ಲ. ಹೆಂಡತಿಯಲ್ಲವೆ, ಎಲ್ಲಿಗೆ ಹೋಗುತ್ತಾಳೆ, ಎಂದಾದರೂ ಕೇಳಿದರಾಯಿತು.

ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಅವಳು ಹೋಗಿಬಿಟ್ಟಳು.

ರೈತ ಆ ಸೀಟಿನ ಮೇಲೆ ತಾನು ಕುಳಿತ. ಕಬ್ಬು ಹೇರಿಕೊಂಡು ಆಲೆಮನೆಗೆ ಹೋದ, ಸಂಜೆ ಬರಿಗಾಡಿ ಎಳೆದುಕೊಂಡು ಹಿಂದಿರುಗಿದ. ನಾಲೆಯ ತಿರುವಿನಲ್ಲಿ ಒಂದು ಗಳಿಗೆ ನಿಲ್ಲಿಸಿ, ಕಣ್ಣು ಮುಚ್ಚಿ, ಉದ್ದಕ್ಕೆ ಹಾರನ್ ಬಾರಿಸಿದ. ಆ ಸದ್ದು ಇರುವಷ್ಟು ಹೊತ್ತು ಮನಸ್ಸಿನಲ್ಲಿ ಅವನು ಮನೆಯಂಗಳದಲ್ಲಿ ನಿಂತಿರುತ್ತಿದ್ದ, ಅವಳು ತಿರುವಿನಲ್ಲಿ ಇರುತ್ತಿದ್ದಳು. ಸದ್ದು ನಿಂತರೆ ಬಾರಿಸಿದವನೂ ತಾನೇ, ಕೇಳಿಸಿಕೊಂಡವನೂ ತಾನೇ. ಆದರೂ ದಿನವೂ ಬಾರಿಸಿದ. ದಿನದಲ್ಲಿ ಅವನು ಎದುರು ನೋಡುತ್ತಿದ್ದದ್ದು ಅದೊಂದನ್ನೇ.

ಸಾವಿನ ಮನೆಯೆಂದು ಆ ವರ್ಷ ಹಬ್ಬ ಮಾಡಲಿಲ್ಲ. ಟ್ರ್ಯಾಕ್ಟರಿಗೆ ಬಣ್ಣವೂ ಇಲ್ಲ, ಪೂಜೆಯೂ ಇಲ್ಲ. ಮರುವರ್ಷದ ಹಬ್ಬಕ್ಕೆ ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಅವಳ ಗಾಡಿ ಇದು, ಹೊಸದರಂತೆ ಇಡಬೇಕು, ಒಂದು ಗೀರೂ ಇರಬಾರದು ಎಂದುಕೊಂಡ. ಕಪ್ಪು ಪೆಟ್ಟಿಗೆಯನ್ನೂ ಬಿಚ್ಚಿದ. ಅದರ ಅಡಿಯಲ್ಲಿ ಗೀರೋ ಗೀರು. ಅಯ್ಯೋ, ಎಂಥ ಗತಿ ಮಾಡಿಟ್ಟಿದ್ದಾಳೆ ಎಂದು ಅದನ್ನು ಉಪ್ಪುಕಾಗದದಿಂದ ತಿಕ್ಕಿ, ಒಂದರ ಮೇಲೊಂದು ಬಣ್ಣ ಬಳಿದು, ಆರಿದ ಮೇಲೆ ಪೆಟ್ಟಿಗೆಯ ಕಾಲುಗಳಿಗೂ ಬೋಲ್ಟುಗಳಿಗೂ ಬಣ್ಣ ಹಚ್ಚಿ, ಮುಂದೆ ಗೀರು ಬೀಳದಿರಲೆಂದು ರಬ್ಬರಿನ ವಾಷರ್ ಕೊಟ್ಟು ಕೂರಿಸಿದ. ಅದೇ ವಾರ ಪೇಟೆಗೆ ಹೋಗಿ ಅವಳ ಫೋಟೋ ಕೂಡ ದೊಡ್ಡದು ಮಾಡಿಸಿದ. ಸ್ಟುಡಿಯೋದವನು ಅವಳನ್ನು ಬೆಳ್ಳಗೆ ಮಾಡಿದ್ದ, ಗಲ್ಲದ ಮೇಲಿನ ಮಚ್ಚೆಯನ್ನು ಅಳಿಸಿದ್ದ. ರೈತ ಅದಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕಿದ. ಬಂದವರು ನೋಡಿದರೆ, “ಮಾಲಕ್ಷ್ಮಿ ಕಣಪ್ಪ, ಒಂದ್ ದಿನ ಎದುರು ಮಾತಾಡ್ದೋಳಲ್ಲ” ಎನ್ನುತ್ತಿದ್ದ. ಹೇಳಿ ಹೇಳಿ ಅದನ್ನೇ ನಂಬಿದ.

ಹಬ್ಬ ಕಳೆದು ಕೆಲವು ದಿನಗಳಲ್ಲಿ ಹಾರನ್ನಿನ ಗಂಟಲು ಕಟ್ಟಿತು. ಆಮೇಲೆ ನರಳಿದಂತೆ ಕೇಳಿಸಿತು. ಬೆಳಗ್ಗೆ ಟ್ರ್ಯಾಕ್ಟರ್ ತಾನಾಗಿ ಹೊರಡದೆ, ಅಕ್ಕಪಕ್ಕದವರನ್ನು ಕರೆದು ತಳ್ಳಿಸಬೇಕಾಯಿತು. ತಳ್ಳಿಸುವುದು ಅವನಿಗೆ ಕಷ್ಟವಲ್ಲ. ಹಾರನ್ ಸಾಯುತ್ತಿದೆಯಲ್ಲ ಎಂಬುದೇ ಕಷ್ಟ. ಅವಳು ಇನ್ನೊಂದು ಸಲ ಹೋಗುತ್ತಿದ್ದಾಳೆ, ಈ ಸಲವೂ ತಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೇನೆ ಎನ್ನಿಸಿತು.

ಪೇಟೆಯಿಂದ ಮೆಕ್ಯಾನಿಕ್ಕನನ್ನು ಕರೆಸಿದ. ಅವನು ಕೆಳಗೆ ಬಗ್ಗಿ ನೋಡುವ ಮೊದಲೇ, ಬ್ಯಾಟರಿಗೆ ವಯಸ್ಸಾಗಿದೆ ಎಂದು ಹೇಳಿ ಹೊಸದು ಹಾಕಿದ. ಹಾರನ್ ಗಟ್ಟಿಯಾಗಿ ಕೂಗಿತು. ಆ ಸಂಜೆ ರೈತ ತಿರುವಿನಲ್ಲಿ ನಿಂತು ಬಾರಿಸಿದ್ದೇ ಬಾರಿಸಿದ್ದು. ವಾರ ಕಳೆಯುವಷ್ಟರಲ್ಲಿ ಅದೂ ಮಂಕಾಯಿತು. ಉಳಿದಷ್ಟಾದರೂ ಉಳಿಯಲಿ ಎಂದು ಅವನು ಹಾರನ್ ಮುಟ್ಟುವುದನ್ನೇ ಬಿಟ್ಟ. ತಿರುವಿಗೆ ಬಂದಾಗ ಕೈ ತಾನಾಗಿ ಗುಂಡಿಯ ಮೇಲೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಉಳಿಸಿದರೂ ಅದು ಉಳಿಯಲಿಲ್ಲ.

ಮೆಕ್ಯಾನಿಕ್ ಮತ್ತೆ ಬಂದ. ಈ ಸಲ ಅವನಿಗೂ ನಾಚಿಕೆಯಾಗಿತ್ತು, ಆದ್ದರಿಂದ ಮೆಲ್ಲಗೆ ನೋಡಿದ. ಸೀಟಿನ ಎದುರಿಗೆ ಚಾರ್ಜು ತೋರಿಸುವ ಒಂದು ಸಣ್ಣ ಮುಳ್ಳಿತ್ತು. ಎಂಜಿನ್ ಓಡುವಾಗ ಡೈನಮೊ ಬ್ಯಾಟರಿಗೆ ಕರೆಂಟು ತುಂಬಬೇಕು, ತುಂಬಿದರೆ ಮುಳ್ಳು ಬಲಕ್ಕೆ ವಾಲಬೇಕು. ಅದು ವಾಲಲಿಲ್ಲ. ಫ್ಯಾನ್ ಬೆಲ್ಟನ್ನು ಒತ್ತಿ ನೋಡಿದ, ಬಿಗಿಯಾಗಿತ್ತು. ಡೈನಮೊದ ವೈರು ಬಿಚ್ಚಿ ಒಂದು ಬಲ್ಬು ಹಿಡಿದ, ಬಲ್ಬು ಜಗ್ಗನೆ ಹತ್ತಿತು. ಕರೆಂಟು ಹುಟ್ಟುತ್ತಿತ್ತು, ಬ್ಯಾಟರಿಗೆ ಸೇರುತ್ತಿರಲಿಲ್ಲ. ನಡುವೆ ಉಳಿದದ್ದು ಆ ಕಪ್ಪು ಪೆಟ್ಟಿಗೆಯೊಂದೇ. ಅದಕ್ಕೆ ಅವರ ಕಸುಬಿನಲ್ಲಿ ಕಟೌಟ್ ಎನ್ನುತ್ತಾರೆ. ಡೈನಮೊದಿಂದ ಬಂದದ್ದನ್ನು ಅಳೆದು ಬ್ಯಾಟರಿಗೆ ಬಿಡುವುದು ಅದರ ಕೆಲಸ.

ಮೆಕ್ಯಾನಿಕ್ ಒಂದು ತುಂಡು ವೈರು ತೆಗೆದುಕೊಂಡು, ಪೆಟ್ಟಿಗೆಯ ಮೈಯನ್ನು ಸ್ವಲ್ಪ ಉಜ್ಜಿ ಒಂದು ತುದಿಯನ್ನು ಅಲ್ಲಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ತಟಕ್ಕನೆ ಬಲಕ್ಕೆ ಹಾರಿತು. ವೈರು ತೆಗೆದ, ಮುಳ್ಳು ಬಿತ್ತು. ಅವನು ನಗಲು ಶುರುಮಾಡಿದ.

“ಯಜಮಾನ್ರೇ, ಇದು ಬರೀ ಕಬ್ಣದ್ ಮ್ಯಾಲೆ ಕೂರ್ಬೇಕು. ಕಬ್ಣಕ್ಕೆ ಕಬ್ಣ ತಾಕಿದ್ರೇನೇ ಇದು ಕೆಲ್ಸ ಮಾಡೋದು. ನೀವು ಬಣ್ಣ ಬಳ್ದು, ರಬ್ಬರ್ ಬ್ಯಾರೆ ಕೊಟ್ಟಿದ್ದೀರಿ. ಹಿಂದ್ಲ ಸಲ ಇಲ್ಲಿ ಯಾರೋ ಕೆರ್ದಿರ್ಬೇಕಲ್ಲ?”

ರೈತ ಅವನ ಕೈಗೆ ದುಡ್ಡಿಟ್ಟ. “ನೀನ್ ಹೊರಡಪ್ಪ,” ಎಂದ. “ನಾನ್ ಕೆರ್ಕೋತೀನಿ.”

ಮೆಕ್ಯಾನಿಕ್ ಹೋದ ಮೇಲೆ ಅವನು ಒಳಗೆ ಹೋಗಿ, ಸೂರಿಗೆ ಸಿಕ್ಕಿಸಿದ್ದ ಅವಳ ಕುಡುಗೋಲನ್ನು ತಂದ. ಪೆಟ್ಟಿಗೆ ಬಿಚ್ಚಿ, ಹಬ್ಬದ ಬಣ್ಣದ ಮೇಲೆ ಕುಡುಗೋಲಿನ ತುದಿಯಿಟ್ಟು ಎಳೆದ. ಅಂದದ ಬಣ್ಣ. ಎಳೆಯುವಾಗ ತನ್ನ ಮೈಯನ್ನೇ ಕೆರೆದುಕೊಂಡಂತಾಯಿತು. ಕೆಂಪು ಸಿಪ್ಪೆ ಎದ್ದುಬಂತು. ಅಡಿಯಲ್ಲಿ ಅವಳ ಹಳೆಯ ಗೀರುಗಳು ಇನ್ನೂ ಇದ್ದವು. ಉಪ್ಪುಕಾಗದ ಎಷ್ಟು ತಿಕ್ಕಿದರೂ ಆಳದವು ಹೋಗಿರಲಿಲ್ಲ. ಅವನ ಹೊಸ ಗೀರುಗಳು ಒಂದು ಕಡೆಗೆ ವಾಲಿದ್ದವು, ಅವಳವು ಇನ್ನೊಂದು ಕಡೆಗೆ.

ಏಕೆ ಹೀಗೆ ಎಂದು ಅವನು ಯೋಚಿಸಿದ. ಆಮೇಲೆ ಹೊಳೆಯಿತು. ಅವಳು ಎಡಚಿ. ಕುಡುಗೋಲು ಹಿಡಿಯುತ್ತಿದ್ದದ್ದು ಎಡಗೈಯಲ್ಲಿ. ಎಡಗೈಯಲ್ಲಿ ಬಡಿಸಬೇಡವೆಂದು ಅತ್ತೆ ಗದರಿದರೆ, ಹಾಗಾದರೆ ನೀವೇ ಬಡಿಸಿಕೊಳ್ಳಿ ಎಂದು ಸೌಟನ್ನು ಅವರ ಕೈಗೇ ಕೊಟ್ಟವಳು. ಇಷ್ಟು ದಿನ ಫೋಟೋಕ್ಕೆ ಹೂ ಮುಡಿಸಿದ್ದಾನೆ, ಅವಳು ಎಡಚಿಯೆಂಬುದೇ ಅವನಿಗೆ ಮರೆತುಹೋಗಿತ್ತು.

ಅವನಿಗೆ ಸಿಟ್ಟು ಬಂತು. ಬರಿ ಕಬ್ಬಿಣದ ಮುಂದೆ ಕುಳಿತು ಗಟ್ಟಿಯಾಗಿಯೇ ಬೈದ. “ಯಾಕ್ ಕೆರೀತೀನಿ ಅಂತ ಒಂದ್ ಮಾತು ಬಾಯ್ಬುಟ್ಟು ಹೇಳಕ್ಕೆ ನಿಂಗೇನಾಗಿತ್ತು?”

ಆಗ ಕೇಳಿಸಿತು. ಹಿಂದಿನಿಂದಲೂ ಅಲ್ಲ, ಆಕಾಶದಿಂದಲೂ ಅಲ್ಲ. ಅವನ ಎದೆಯಲ್ಲಿ ಇದ್ದಲ್ಲೇ ಇದ್ದ ದನಿ. ಅದೇ ಮೊಂಡು, ಅದೇ ಒರಟು, ಕೊನೆಯಲ್ಲಿ ಅದೇ ನಗು. ಅದು ನಂಗೂ ನನ್ ಗಾಡಿಗೂ ಬುಡಿ. ನಿಮ್ಗ್ಯಾಕೆ?

ಅವಳು ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಅವನಿಗೆ ಮಹಾಲಕ್ಷ್ಮಿ ಬೇಕಿರಲಿಲ್ಲ. ತನ್ನೊಡನೆ ಜಗಳ ಆಡುತ್ತಿದ್ದ ಆ ಹೆಂಗಸು ಬೇಕಿತ್ತು. ಒಂದೇ ಒಂದು ಬೆಳಗ್ಗೆ ಅವಳು ಬಂದು, ಬಳಿದ ಬಣ್ಣವನ್ನೆಲ್ಲ ಕೆರೆದುಹಾಕಿದರೂ ಸರಿ, ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ ಎಂದುಕೊಂಡ.

ಪೆಟ್ಟಿಗೆಯ ಕಾಲುಗಳನ್ನೂ ಬೋಲ್ಟುಗಳನ್ನೂ ಕೆರೆದು, ರಬ್ಬರ್ ಕಿತ್ತುಹಾಕಿ, ಬರಿ ಕಬ್ಬಿಣದ ಮೇಲೆ ಕೂರಿಸಿದ. ಮುಳ್ಳು ಬಲಕ್ಕೆ ವಾಲಿತು. ಸಂಜೆ ನಾಲೆಯ ತಿರುವಿಗೆ ಬಂದಾಗ ಕಣ್ಣು ತೆರೆದುಕೊಂಡೇ ಹಾರನ್ ಬಾರಿಸಿದ. ಮನೆಯಲ್ಲಿ ಹಂಡೆಗೆ ಉರಿ ಹಾಕುವವರು ಯಾರೂ ಇಲ್ಲವೆಂದು ಗೊತ್ತಿತ್ತು. ಹೋಗಿ ತಾನೇ ಉರಿ ಹಾಕಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರಿಮಲ್ಲ ಕತೆಯ ಒಳಗಿಂದ ಇನ್ನೂ ಹೊರಬಂದಿರಲಿಲ್ಲ.

“ಮುಂದಿನ ಹಬ್ಬಕ್ಕೆ ಅವನು ಬಣ್ಣ ಬಳಿಯಲಿಲ್ಲವೆ, ಬುದ್ಧೀ?”

“ಬಳಿದ. ಪ್ರೀತಿಯಿದ್ದವನು ಬಳಿಯದೆ ಇರುತ್ತಾನೆಯೆ? ಮಾರನೆಯ ಬೆಳಗ್ಗೆ ಕುಡುಗೋಲು ತಂದು ಕೆರೆದ.”

ಮರಿಮಲ್ಲ ತಲೆಯಾಡಿಸಿ, ಕೈಮುಗಿದು ಏಳಲು ಹೊರಟ. ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

“ಈಗ ಹೇಳು ಮಗೂ, ನಿನ್ನ ತಾಯಿ ನಿನಗೆ ಏನೆಂದು ಬೈಯುತ್ತಿದ್ದಳು?”