ಸದ್ದಿಲ್ಲದ ಕಾರು

“ಗುರುಗಳೇ, ಒಂದು ವಸ್ತು ಚೆನ್ನಾಗಿದೆ ಎಂದು ಅದರ ಮೇಲೆ ಆಸೆಪಡುವುದು ತಪ್ಪೇ?”

ಕೇಳಿದವನು ಹಾರ್ಡ್‌ವೇರ್ ಅಂಗಡಿಯ ಚೆಲುವರಾಜ, ರಜೆಯ ದಿನ ಆಶ್ರಮಕ್ಕೆ ಬಂದು ಹೋಗುವ ಶಿಷ್ಯ. ಗುರುಗಳು ಅವನ ಮುಖ ನೋಡಿ, “ಯಾವ ವಸ್ತು? ಅದನ್ನು ಮೊದಲು ಹೇಳು” ಎಂದರು.

“ಕಾರು. ಇಂಗ್ಲೆಂಡಿನದು. ಒಬ್ಬರು ಕೆಲವು ವರ್ಷ ಓಡಿಸಿ ಈಗ ಮಾರುತ್ತಿದ್ದಾರೆ. ಹೊಸದಾಗಿದ್ದಾಗ ನಮ್ಮಂಥವರು ಹತ್ತಿರ ಸುಳಿಯುವ ಹಾಗಿರಲಿಲ್ಲ. ಒಳಗೆ ಮರದ ಕೆಲಸ, ಚರ್ಮದ ಸೀಟು. ಒತ್ತಿದರೆ ಬಾಣದ ಹಾಗೆ ಹೋಗುತ್ತದೆ, ಆದರೂ ಬಾಗಿಲು ಹಾಕಿ ಕೂತರೆ ಒಂದು ಸದ್ದಿಲ್ಲ. ನನ್ನ ಹಳೆ ವ್ಯಾನಿನ ಗಡಗಡ ಕೇಳಿ ಕೇಳಿ ಸಾಕಾಗಿದೆ.”

“ಆಸೆ ತಪ್ಪಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎನ್ನದವನಿಗೆ ಕಣ್ಣಾದರೂ ಯಾಕೆ? ಇಂಥದೇ ಕಾರು ಕೊಂಡವನೊಬ್ಬನ ಕತೆ ಹೇಳುತ್ತೇನೆ, ಕೇಳು” ಎಂದು ಗುರುಗಳು ಶುರುಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ. ಅವನಿಗೊಬ್ಬಳು ಅಕ್ಕ. ಅವಳನ್ನು ಕೊಟ್ಟ ಊರು ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ ಇತ್ತು. ವ್ಯಾಪಾರಿಯ ಬಳಿ ಒಂದು ಜೀಪಿತ್ತು. ಅದರ ಸೈಲೆನ್ಸರ್ ತೂತಾಗಿ ಎಷ್ಟೋ ಕಾಲವಾಗಿತ್ತು. ಮಂಗಳವಾರ ಅವನು ಮಾರುಕಟ್ಟೆಗೆ ಹೊರಟರೆ, ಜೀಪು ಕಾಲುವೆ ತಿರುವಿಗೆ ಬರುವಷ್ಟರಲ್ಲಿ ಹಿತ್ತಲ ಕಡೆಯ ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸುತ್ತಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು, ಒಂದು ಚೊಂಬು ಮಜ್ಜಿಗೆ ಹಿಡಿದು ರಸ್ತೆಗೆ ಬರುತ್ತಿದ್ದಳು. ಅವನು ಸೀಟಿನಲ್ಲೇ ಕೂತು ಕುಡಿದು, ನಾಲ್ಕು ಮಾತಾಡಿ ಹೊರಡುತ್ತಿದ್ದ. ಹಾರ್ನ್ ಹೊಡೆದು ಕರೆದದ್ದು ಒಮ್ಮೆಯೂ ಇಲ್ಲ. ಅಕ್ಕನನ್ನು ಯಾರಾದರೂ ಹಾರ್ನ್ ಹೊಡೆದು ಕರೆಯುತ್ತಾರೆಯೇ?

“ನಿನ್ ಗಾಡಿ ತಿರುವಿಗೆ ಬಂದ್ರೆ ನಮ್ಮನೆ ಪಾತ್ರೆಗಳೆಲ್ಲ ಕುಣೀತವೆ ಕಣೋ” ಎಂದು ಅಕ್ಕ ನಗುತ್ತಿದ್ದಳು. ಒಂದು ಸಲ ಮಾತ್ರ ಸ್ವಲ್ಪ ಬಿರುಸಾಗಿಯೇ ಅಂದಳು. “ಗೌರಿ ಹಬ್ಬ ಬಿಟ್ರೆ ಒಳಕ್ಕೆ ಕಾಲಿಡಾಕಿಲ್ವಲ್ಲ ನೀನು. ಒಂದ್ಸಲ ಬಂದು ಉಂಡು ಹೋದ್ರೆ ನಿನ್ ಗಂಟೇನ್ ಹೋಯ್ತದೆ?” ಅವನು ನಕ್ಕು ಹೊರಟ.

ಆ ವಾರವೇ ಆ ಕಾರು ಅವನ ಕಣ್ಣಿಗೆ ಬಿತ್ತು. ಕಾರಿನಲ್ಲಿ ಒಂದು ಕೊರತೆಯೂ ಇರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಹಿಂದಿನ ಯಜಮಾನ ಅದನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ. ವ್ಯಾಪಾರಿ ಜೀಪನ್ನು ಗುಜರಿಗೆ ಹಾಕಿ ಕಾರು ತಂದ. ಮೊದಲು ಅಕ್ಕನಿಗೆ ತೋರಿಸಬೇಕು ಎಂದುಕೊಂಡ. ಮುಂಚೆಯೇ ಹೇಳಿಬಿಟ್ಟರೆ ಸ್ವಾರಸ್ಯವೇನು? ಅವಳು ಮಜ್ಜಿಗೆ ಹಿಡಿದು ಬರಲಿ, ನೋಡಿ ಬೆರಗಾಗಲಿ ಎಂದು ಅವನ ಆಸೆ.

ಮಂಗಳವಾರ ಬಂತು. ಅಕ್ಕನ ಮನೆಯ ಮುಂದೆ ಕಾರು ನಿಲ್ಲಿಸಿ ಕೂತ. ಇಂಜಿನ್ ಓಡುತ್ತಲೇ ಇತ್ತು. ಅಕ್ಕ ಬರಲಿಲ್ಲ. ಮನೆಯ ಮುಂಭಾಗದ ಕಿಟಕಿ ತೆರೆದಿತ್ತು. ಇಷ್ಟು ದೊಡ್ಡ ಕಾರು ಕಾಣದೆ ಇರುತ್ತದೆಯೇ ಎಂದುಕೊಂಡ. ಇನ್ನೂ ಸ್ವಲ್ಪ ಹೊತ್ತು ಕಾದು ಹೊರಟುಹೋದ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ತಮ್ಮ ಉದ್ಧಾರವಾದರೆ ಒಡಹುಟ್ಟಿದವಳಿಗೂ ಹೊಟ್ಟೆಕಿಚ್ಚು ಎಂದು ಹೆಂಡತಿಯ ಹತ್ತಿರ ಅಂದ. ಬಾಯಿಬಿಟ್ಟು ಅಂದಮೇಲೆ ಅದು ಅವನಿಗೆ ನಿಜವೇ ಆಗಿಬಿಟ್ಟಿತು.

“ಒಂದು ಫೋನ್ ಮಾಡಬಹುದಿತ್ತಲ್ಲ!” ಚೆಲುವರಾಜ ತಡೆಯಲಾರದೆ ನಡುವೆ ಬಾಯಿ ಹಾಕಿದ.

“ಮಾಡಬಹುದಿತ್ತು. ನಿನ್ನ ಭಾವನ ಮೇಲೆ ಮುನಿಸಿಕೊಂಡು ಕೂತಿದ್ದೆಯಲ್ಲ, ಆಗ ನೀನು ಎಷ್ಟು ಸಲ ಮಾಡಿದೆ?” ಎಂದರು ಗುರುಗಳು. ಚೆಲುವರಾಜ ತಲೆ ತಗ್ಗಿಸಿದ. ಗುರುಗಳು ಮುಂದುವರಿಸಿದರು.

ಗೌರಿ ಹಬ್ಬ ಬಂತು. ಪ್ರತಿವರ್ಷ ತಾನೇ ಒಯ್ದು ಕೊಡುತ್ತಿದ್ದ ಬಾಗಿನವನ್ನು ಆ ವರ್ಷ ಆಳಿನ ಕೈಲಿ ಕಳಿಸಿದ. ಆಳು ವಾಪಸು ಬಂದಾಗ, “ಅಕ್ಕ ಏನಂದ್ಲು?” ಎಂದು ಕೇಳಿದ. “ಚೆನ್ನಾಗವ್ನಾ ಅಂತ ಕೇಳಿದ್ರು ಧಣಿ, ಅಷ್ಟೇ” ಎಂದ ಆಳು. ಕಾರಿನ ಮಾತೇ ಎತ್ತಲಿಲ್ಲವಲ್ಲ ಎಂದು ವ್ಯಾಪಾರಿಗೆ ಸಿಟ್ಟು ಇನ್ನೂ ಏರಿತು.

ಸಂಕ್ರಾಂತಿಗೆ ಮುಂಚೆ ಅಕ್ಕ ತೀರಿಕೊಂಡಳು. ಸುದ್ದಿ ಬಂದಾಗ ವ್ಯಾಪಾರಿ ಕಾರಿನಲ್ಲೇ ಓಡಿದ. ಅಂದು ಆ ಕಾರಿನ ವೇಗವೂ ಅವನಿಗೆ ಸಾಲದಾಯಿತು. ಅಂಗಳದಲ್ಲಿ ನಿಂತಿದ್ದ ಜನ ತಿರುಗಿ ನೋಡಿದ್ದು ಅವನು ಬಾಗಿಲು ತೆಗೆದು ಇಳಿದ ಮೇಲೆ.

ಎಲ್ಲ ಮುಗಿದ ಮೇಲೆ ಅಕ್ಕನ ಸೊಸೆ ಬಂದು ಅವನೆದುರು ಕೂತಳು. “ಯಾಕ್ ಮಾವ, ನಮ್ ದಾರೀನೇ ಬಿಟ್ಬುಟ್ರಿ? ಒಳಕ್ ಬಾ ಅಂತ ಬೈದ್ಬುಟ್ಟೆ, ಅದಕ್ಕೇ ಬೇಜಾರ್ ಮಾಡ್ಕೊಂಡವ್ನೆ ಅಂತ ಅತ್ತೆ ಕೊರಗ್ತಾನೇ ಇದ್ರು. ಮಂಗಳವಾರ ಬೆಳಿಗ್ಗೆ ಮಿಕ್ಸಿ ಹಾಕಾಕೂ ಬಿಡ್ತಿರ್ಲಿಲ್ಲ. ಸುಮ್ಕಿರಿ, ಜೀಪಿನ್ ಸದ್ದು ಕೇಳಾಕಿಲ್ಲ ಅನ್ನೋರು.”

“ನಾನು ವಾರ ವಾರ ಬಂದಿದ್ದೆ ಕಣವ್ವಾ” ಎಂದ ವ್ಯಾಪಾರಿ.

ಅವಳು ನಂಬಲಿಲ್ಲ. ಸಾವಿನ ಮನೆಯಲ್ಲಿ ಯಾಕೆ ಮಾತು ಬೆಳೆಸುವುದು ಎಂದು ಎದ್ದು ಒಳಗೆ ಹೋದಳು.

ಅವನು ಜೀಪನ್ನು ಹುಡುಕಿಕೊಂಡು ಗುಜರಿಗೆ ಹೋದ. ಅದನ್ನು ಬಿಚ್ಚಿ ಮಾರಿ ಆಗಿತ್ತು. ಕಾರು ಇನ್ನೂ ಅವನ ಬಳಿಯೇ ಇದೆ, ಈಗಲೂ ಅಷ್ಟೇ ಚೆನ್ನಾಗಿದೆ. ಮಂಗಳವಾರ ಕಾಲುವೆ ತಿರುವಿಗೆ ಬಂದರೆ ಗಾಜು ಇಳಿಸಿ, ಅಕ್ಕನ ಮನೆ ದಾಟುವವರೆಗೂ ಹಾರ್ನ್ ಹೊಡೆಯುತ್ತಾನೆ. ಒಮ್ಮೊಮ್ಮೆ ಸೊಸೆ ಹೊರಗೆ ಬಂದು ನೋಡಿ ಒಳಗೆ ಹೋಗುತ್ತಾಳೆ. ಪಾಪ, ಈಗ ಎಷ್ಟು ಹೊಡೆದರೆ ಏನು?

ಗುರುಗಳು ಕತೆ ನಿಲ್ಲಿಸಿದರು. ಚೆಲುವರಾಜ ಅಂಗಳದಲ್ಲಿ ನಿಂತಿದ್ದ ತನ್ನ ವ್ಯಾನಿನ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, “ಹಾಗಾದರೆ ಕಾರು ಬೇಡ ಅನ್ನುತ್ತೀರಾ ಗುರುಗಳೇ?” ಎಂದು ಕೇಳಿದ.

“ತಗೋ, ಯಾರು ಬೇಡ ಅಂದರು? ಆದರೆ ಈ ವ್ಯಾನಿನ ಗಡಗಡಕ್ಕೆ ಕಿವಿಗೊಟ್ಟು ಕೂತವರು ಯಾರು, ಅದನ್ನು ಮೊದಲು ಹೇಳು.”