ಬಾರದವರ ಬಂಡೆ

ಸೂಜಿಕಲ್ಲಹಟ್ಟಿಯ ಪಡುವಣ ದಿಕ್ಕಿಗೆ, ಹುಣಸೆ ತೋಪು ದಾಟಿ ಒಂದು ಕೂಗಳತೆ ನಡೆದರೆ ಬೂದುಬಣ್ಣದ ದೊಡ್ಡ ಹಾಸುಬಂಡೆ ಸಿಗುತ್ತದೆ. ಎರಡು ಮನೆಯ ರಾಗಿಯನ್ನು ಒಟ್ಟಿಗೆ ಬಡಿಯಬಹುದಾದಷ್ಟು ಅಗಲವಿದೆ. ಆದರೆ ನಮ್ಮೂರಿನವರು ಯಾರೂ ಅದರ ಮೇಲೆ ಕಾಳು ಹರಡುವುದಿಲ್ಲ. ಬಂಡೆಯ ಅಂಚಿಗೆ ಮೊಣಕಾಲೆತ್ತರದ ಮೋಟುಗೋಡೆ, ಪಕ್ಕದಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಉಳಿ ತಾಗದ ಕಲ್ಲು, ಆ ಕಲ್ಲಿಗೆ ಒಂದಿಷ್ಟು ಅರಿಶಿನ. ಗುಡಿ ಕಟ್ಟಿಲ್ಲ, ಗಂಟೆ ತೂಗುಹಾಕಿಲ್ಲ. ರಸ್ತೆ ಅಗಲವಾದ ಮೇಲೆ ಕಾರಿನವರು ನೆರಳಿಗೆಂದು ನಿಲ್ಲುತ್ತಾರೆ, ಹೆಸರು ಕೇಳುತ್ತಾರೆ. ಬಾರದವರ ಬಂಡೆ ಎಂದೊಡನೆ ಅವರ ಮುಖ ಅರಳುತ್ತದೆ. 'ದಂಡಿಗೆ ಹೋಗಿ ತಿರುಗಿ ಬಾರದ ವೀರರ ನೆನಪಿಗೋ?' ಎಂದು ಮೊನ್ನೆ ಒಬ್ಬರು ಕೇಳಿದರು. ಅಯ್ಯೋ ಸ್ವಾಮಿ, ಅಂಥ ಪುಣ್ಯ ನಾವು ಪಡೆದು ಬಂದಿಲ್ಲ. ನಮ್ಮೂರಿನ ಹುಡುಗರಿಗೂ ಈ ಹೆಸರು ಹಿಡಿಸದು. 'ಮಾತೃಶಿಲೆ' ಎಂದು ಬದಲಾಯಿಸೋಣ, ಫಲಕ ಹಾಕಿಸೋಣ ಎಂದು ಓಡಾಡುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಹೆಸರು ಬದಲಿಸಿದರೆ ನಡೆದದ್ದು ಬದಲಾದೀತೇ?

ಹಿಂದೆ ಒಮ್ಮೆ, ಹೊಲಗಳಿಗೆ ಇನ್ನೂ ಸರ್ಕಾರದ ಅಳತೆಗಲ್ಲು ಬೀಳದಿದ್ದ ಕಾಲದಲ್ಲಿ, ಈ ಬಂಡೆಯ ಮೇಲೊಂದು ಗುಡಿಸಲಿತ್ತು. ಅದರಲ್ಲಿ ತಿಪ್ಪಕ್ಕನೆಂಬ ಹೆಂಗಸು ಇದ್ದಳು ಎನ್ನುತ್ತಾರೆ. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ್ದರಿಂದ, ತಿಪ್ಪೆಯ ಮೇಲೆ ಉರುಳಿಸಿ ತಂದು ಇಟ್ಟ ಹೆಸರು ಅದು. ಚಿಕ್ಕವಳಿದ್ದಾಗಲೇ ಅವಳಿಗೆ ಸಿಡುಬು ಬಂದು ಹೋಗಿತ್ತು, ಮುಖದ ತುಂಬ ಕಲೆ. ಮುಂದೆ ಗಂಡನನ್ನೂ ಅದೇ ಬೇನೆ ಕೊಂಡುಹೋಯಿತು. ಉಳಿದವರು ಕಣ್ಣು ಕಾಣದ ಮಾವ ಮತ್ತು ಕೆಂಚಿ ಎಂಬ ಮಗಳು. ಸಿಡುಬನ್ನು ಆಗ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಒಮ್ಮೆ ಬಂದುಹೋದ ಮೈಗೆ ಅಮ್ಮ ಮತ್ತೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಆರೈಕೆಗೆ ಕೂರುವ ಕೆಲಸ ತಿಪ್ಪಕ್ಕನ ಪಾಲಿಗೆ ಬಂತು. ಬೇವಿನೆಲೆ ಹಾಸಿ ಮಲಗಿಸುವಳು, ಕೆರೆದುಕೊಳ್ಳದಂತೆ ಕೈ ಹಿಡಿದುಕೊಂಡು ಕೂರುವಳು, ಬಾಯಿಗೆ ತೊಟ್ಟು ತೊಟ್ಟಾಗಿ ಗಂಜಿ ಬಿಡುವಳು. ಹೆತ್ತವರೇ ಹತ್ತಿರ ಹೋಗಲು ಹೆದರುವ ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವಳು. ಹಟ್ಟಿಯಲ್ಲಿ ಕಲೆಬಿದ್ದ ಮುಖಗಳು ಎಷ್ಟಿದ್ದವೋ ಅಷ್ಟೂ ಅವಳ ಕೈಯಲ್ಲಿ ಬದುಕಿಕೊಂಡವು. ಇಷ್ಟೆಲ್ಲ ಮಾಡಿಸಿಕೊಂಡು ಅವಳನ್ನು ಊರೊಳಗೆ ಇಟ್ಟುಕೊಂಡೆವೇ? ಇಲ್ಲ. ಅಮ್ಮನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆಂದು ಬಂಡೆಯ ಮೇಲೆ ಗುಡಿಸಲು ಹಾಕಿಸಿ ದೂರ ಇಟ್ಟೆವು. ನಾನಾಗ ಹುಟ್ಟಿರಲಿಲ್ಲ, ನಿಜ. ಆದರೆ ಊರಿನ ಹೆಚ್ಚುಗಾರಿಕೆ ಹೇಳುವಾಗ ನಾವು ನಾವು ಎಂದು ಎದೆ ತಟ್ಟಿಕೊಂಡು, ಇಂಥದ್ದು ಬಂದಾಗ ಮಾತ್ರ ಅವರು ಎಂದರೆ ನಾಚಿಕೆಗೇಡು.

ಆರೈಕೆಗೆ ಒಂದು ಕಟ್ಟಳೆಯಿತ್ತು. ಕೂತವಳು ಏಳಬಾರದು. ಬೇನೆ ಇಳಿದು, ಮಗುವಿನ ತಲೆಗೆ ಬೇವಿನ ನೀರು ಮೂರು ಸಲ ಬೀಳುವ ತನಕ ಅವಳು ಆ ಮನೆಯ ಮುಂಬಾಗಿಲ ಹೊಸಿಲು ದಾಟುವಂತಿಲ್ಲ. ದಾಟಿದರೆ ಅಮ್ಮ ಮುನಿದು ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ತಿಪ್ಪಕ್ಕನಿಗೆ ಬೇರೆ ಯಾವುದೂ ಕಷ್ಟವಾಗುತ್ತಿರಲಿಲ್ಲ, ಮಗಳನ್ನು ಬಿಟ್ಟಿರುವುದೊಂದು ಬಿಟ್ಟು. ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಳು. ಯಾವ ಮನೆಯಲ್ಲಿ ಕೂತಿದ್ದರೂ ಸಂಜೆ ಕೆಂಚಿ ಆ ಮನೆಯ ಹಿತ್ತಲ ಗೋಡೆಯಾಚೆ ಬಂದು ನಿಲ್ಲಬೇಕು. ತಾಯಿ ಈಚೆಯಿಂದ ಮುಖ ನೋಡುವಳು. ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು, ಎಲೆಯಲ್ಲಿ ಸುತ್ತಿ, ಗೋಡೆಯ ಮೇಲಿಂದ ಎಸೆಯುವಳು. 'ತಾತಂಗೆ ಮೊದ್ಲು ಕೊಡು, ಆಮ್ಯಾಲೆ ನೀ ತಿನ್ನು' ಎಂದು ಹೇಳುವಳು. ಹುಡುಗಿ ದಾರಿಯಲ್ಲೇ ತಿಂದುಬಿಡುತ್ತಿದ್ದಳಂತೆ. ಅದು ತಾಯಿಗೂ ಗೊತ್ತಿತ್ತು, ಅದಕ್ಕೇ ಅರ್ಧಕ್ಕಿಂತ ಹೆಚ್ಚು ಮುರಿಯುತ್ತಿದ್ದಳು.

ಆ ವರ್ಷ ಅಮ್ಮ ಊರಗೌಡನ ಒಬ್ಬನೇ ಮಗನಿಗೆ ಬಂದಳು. ತಿಪ್ಪಕ್ಕ ಹೋಗಿ ಕೂತಳು. ಹುಡುಗನ ಮೈ ಕೆಂಡವಾಗಿ, ಕಣ್ಣು ಮುಚ್ಚಿಕೊಂಡು ಬಿದ್ದಿದ್ದ ಹೊತ್ತಿಗೆ ಒಂದು ಸಂಜೆ ಗೋಡೆಯಾಚೆ ಕೆಂಚಿ ಬರಲಿಲ್ಲ. ದನ ಹೊಡೆದುಕೊಂಡು ಬಂದವನೊಬ್ಬ, ಬಂಡೆಯ ಹುಡುಗಿಗೂ ಮೈಮೇಲೆ ಎದ್ದಿದೆ ಎಂದು ಸುದ್ದಿ ತಂದ. ತಿಪ್ಪಕ್ಕ ಎದ್ದು ಬಾಗಿಲಿಗೆ ಬಂದಳು. ಗೌಡನ ಹೆಂಡತಿ ಹೊಸಿಲಿಗೆ ಅಡ್ಡ ಬಿದ್ದು ಕಾಲು ಹಿಡಿದುಕೊಂಡಳು. ಎರಡು ಮಕ್ಕಳ ನಡುವೆ ನಿಂತ ಆ ಹೆಂಗಸಿನ ಸಂಕಟ ಎಂಥದ್ದಿರಬೇಕು! ಕೊನೆಗೆ ಅವಳೇ ಹೇಳಿದಳು: 'ಏಳಾಕಿಲ್ಲ ಬಿಡ್ರವ್ವ. ಆದ್ರೆ ನನ್ ಕೂಸಿನತ್ರ ಯಾರಾರ ಒಬ್ರು ಹೋಗಿ ಕೂತ್ಕಳ್ರಿ. ಮಾವಂಗೆ ಕಣ್ ಕಾಣಾಕಿಲ್ಲ.' ಗೌಡ ಊರಿನವರನ್ನು ಅಂಗಳಕ್ಕೆ ಕರೆಸಿ ಕೇಳಿದ. ಅಲ್ಲಿ ಸೇರಿದವರಲ್ಲಿ ಅರ್ಧಕ್ಕರ್ಧ ತಿಪ್ಪಕ್ಕನ ಕೈಯಲ್ಲಿ ಉಳಿದವರು, ಮುಖದ ತುಂಬ ಕಲೆಯಿದ್ದವರು, ಆ ಗುಡಿಸಲಿಗೆ ಹೋಗಲು ಹೆದರಬೇಕಾಗಿಯೇ ಇಲ್ಲದವರು. ನಾ ಹೋಗ್ತೀನಿ, ನಾ ಹೋಗ್ತೀನಿ ಎಂದು ಹತ್ತು ಕಡೆಯಿಂದ ಕೂಗು ಎದ್ದಿತು. ಗೌಡನಿಗೆ ಹಿಗ್ಗು. 'ನೋಡಿದ್ಯೇನವ್ವ ತಿಪ್ಪಕ್ಕ, ಊರಿಗೂರೇ ಎದ್ದು ನಿಂತೈತೆ. ನಿನ್ ಗುಡಿಸಲಾಗೆ ಕಾಲಿಡಾಕೂ ಜಾಗ ಇರಾಕಿಲ್ಲ!' ಎಂದ. ಎಲ್ಲರೂ ನಕ್ಕರು, ತಿಪ್ಪಕ್ಕನೂ ಕಣ್ಣೊರೆಸಿಕೊಂಡು ನಕ್ಕಳು. ನೀನು ಹೋಗು ಎಂದು ಒಬ್ಬರ ಹೆಸರು ಹಿಡಿದು ಹೇಳಲು ಮಾತ್ರ ಯಾರಿಗೂ ತೋಚಲಿಲ್ಲ.

ಯಾರೂ ಹೋಗಲಿಲ್ಲ. ಅವರು ಹೋಗಿರುತ್ತಾರೆಂದು ಇವರು, ಇವರು ಹೋಗಿರುತ್ತಾರೆಂದು ಅವರು. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ; ನಾವು ಕಡ್ಡಿಯನ್ನೂ ಎತ್ತಲಿಲ್ಲ. ಕೆಟ್ಟವರಾಗಿದ್ದರೆ ಹೋಗಲಿ ಬಿಡಿ, ಪಾಪಿಗಳು ಎಂದು ಬೈದು ಸುಮ್ಮನಾಗಬಹುದಿತ್ತು. ಒಬ್ಬೊಬ್ಬರೂ ಒಳ್ಳೆಯವರೇ. ಅವರಲ್ಲಿ ಗೌಡನ ನೆರೆಮನೆಯ ಹಾಲವ್ವನೂ ಒಬ್ಬಳು. ಚಿಕ್ಕಂದಿನಲ್ಲಿ ತಿಪ್ಪಕ್ಕನ ತೊಡೆಯ ಮೇಲೆ ಮಲಗಿ ಗುಣವಾದವಳು. ಮರುದಿನ ಬೆಳಿಗ್ಗೆ ಅವಳು ಹಿತ್ತಲಿಗೆ ಬಂದಾಗ ಗೋಡೆಯ ಈಚೆಯಿಂದ ತಿಪ್ಪಕ್ಕ ಕೇಳಿದಳು: 'ನನ್ ಕೂಸು ಹೆಂಗೈತೆ ಹಾಲೀ?' ಹಾಲವ್ವ ಹೋಗಿರಲಿಲ್ಲ, ಹೋದವರನ್ನು ಕಂಡೂ ಇರಲಿಲ್ಲ. ಆದರೂ ಆ ಮುಖ ನೋಡಿ ಇಲ್ಲವೆನ್ನಲಾರದೆ, 'ಚೆನ್ನಾಗವ್ಳೆ ಕಣಕ್ಕ, ಗಂಜಿ ಕುಡಿದ್ಲಂತೆ' ಎಂದುಬಿಟ್ಟಳು. ತಿಪ್ಪಕ್ಕ ಕೈ ಮುಗಿದು, ಯಾರು ಕುಡಿಸಿದರೋ ಅವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ಹಾಲವ್ವ ಆ ಮಧ್ಯಾಹ್ನವೇ ಗಂಜಿಯ ಗಡಿಗೆ ಹೊತ್ತು ಹುಣಸೆ ತೋಪಿನವರೆಗೆ ಹೋದಳು. ಗುಡಿಸಲು ಸದ್ದಿಲ್ಲದೆ ಇರುವುದು ಕಂಡಿತು. ಮಗು ಮಲಗಿರಬೇಕು, ಕೂತವರು ಒಳಗಿರಬೇಕು, ಈಗ ಬಂದೆಯಾ ಎಂದಾರು ಎಂದುಕೊಂಡು ಹಿಂತಿರುಗಿದಳು. ಆಮೇಲೆ ಪ್ರತಿದಿನ ಗೋಡೆಯಾಚೆಯ ಪ್ರಶ್ನೆಗೆ ಒಂದೊಂದು ಸುಳ್ಳು ಹುಟ್ಟಿತು. ಇವತ್ತು ಎದ್ದು ಕೂತಳಂತೆ, ಇವತ್ತು ನಿನ್ನ ಕೇಳಿದಳಂತೆ. ಆ ಸುಳ್ಳುಗಳನ್ನು ನಂಬಿಕೊಂಡು ತಿಪ್ಪಕ್ಕ ಗೌಡನ ಮಗನನ್ನು ಬದುಕಿಸಿದಳು.

ಮೂರನೆಯ ನೀರು ಬಿದ್ದ ಬೆಳಿಗ್ಗೆ ಗೌಡನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿಪ್ಪಕ್ಕ ಓಡುತ್ತಲೇ ಬಂಡೆಗೆ ಬಂದಳು. ಬಾಗಿಲಲ್ಲಿ ಮುದುಕ ಒಬ್ಬನೇ ಕೂತಿದ್ದ. 'ನೀರು ನೀರು ಅಂತಿದ್ಲವ್ವ. ತಡಕಾಡಿ ಗಡಿಗೇಲಿದ್ದಷ್ಟು ಹಾಕ್ದೆ. ಅದೂ ಮುಗೀತು. ಯಾರಾರ ಬತ್ತಾರೆ ಸುಮ್ಕಿರು ಅಂತಿದ್ದೆ. ನೋಡ್ಕಂಡು ಬತ್ತೀನಿ ಅಂತ ನೆನ್ನೆ ರಾತ್ರಿ ತೆವಳ್ಕಂಡು ಆಚೆ ಹೋದ್ಲು, ತಿರುಗಿ ದನಿ ಕೇಳಲಿಲ್ಲ' ಎಂದ. ಮಗು ಬಂಡೆಯ ಮೇಲೆ, ಊರ ಕಡೆ ಮುಖ ಮಾಡಿ ಮಲಗಿತ್ತು. ಹೆಚ್ಚು ಹೇಳಲಾರೆ. ತಿಪ್ಪಕ್ಕ ಬೇವಿನ ಬುಡದಲ್ಲಿ ತಾನೇ ಗುಂಡಿ ತೋಡಿ ಮಣ್ಣು ಮಾಡಿದಳು. ಆಮೇಲೆ ಊರ ಬಾವಿಗೆ ಬಂದು, ನೀರು ಸೇದುತ್ತಿದ್ದ ಹೆಂಗಸರ ನಡುವೆ ನಿಂತು, 'ಯಾರು ಹೋಗಿದ್ರವ್ವ?' ಎಂದು ಕೇಳಿದಳು. ಶಾಪ ಹಾಕಲಿಲ್ಲ, ಮಣ್ಣು ತೂರಲಿಲ್ಲ. ಅವರು ಇವರ ಮುಖ ನೋಡಿದರು, ಇವರು ಅವರ ಮುಖ ನೋಡಿದರು. ಹಾಲವ್ವ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು. ತಿಪ್ಪಕ್ಕ ಗಡಿಗೆಯಲ್ಲಿ ಮಾವನಿಗೆ ನೀರು ತುಂಬಿಕೊಂಡು ಹೊರಟುಹೋದಳು.

ಮುಂದಿನ ಬೇಸಗೆಯಲ್ಲಿ ಅಮ್ಮ ಹಾಲವ್ವನ ಮಗನಿಗೆ ಬಂದಳು. ಹಾಲವ್ವ ಗಂಡ ಸತ್ತವಳು, ಮನೆಯಲ್ಲಿ ಬೇರೆ ದಿಕ್ಕಿಲ್ಲ. ತನಗೆ ತಿಳಿದದ್ದನ್ನೆಲ್ಲ ಮಾಡಿದಳು, ಮಗು ಗಂಜಿಯನ್ನೂ ನುಂಗದಾಯಿತು. ಯಾವ ಮುಖ ಹೊತ್ತು ಬಂಡೆಗೆ ಹೋಗಲಿ ಎಂದು ಒದ್ದಾಡಿ, ಕೊನೆಗೆ ಹೋಗಿಯೇ ಹೋದಳು. ಬಂಡೆ ಹತ್ತಲು ಕಾಲು ಬಾರದೆ ಕೆಳಗೇ ನಿಂತಳು. ರಾಗಿ ಕೇರುತ್ತಿದ್ದ ತಿಪ್ಪಕ್ಕ ತಲೆಯೆತ್ತಿ ನೋಡಿದಳು, ಅವಳಿಗೆ ಅರ್ಥವಾಯಿತು. 'ಮಗೀನತ್ರ ಯಾರವ್ರೆ?' ಎಂದಳು. 'ಯಾರೂ ಇಲ್ಲಕ್ಕ' ಎಂದಳು ಹಾಲವ್ವ. ತಿಪ್ಪಕ್ಕ ಮೊರವನ್ನು ಬಿಸುಟು ಎದ್ದಳು. 'ಒಂದನ್ನೇ ಬಿಟ್ಟು ಬಂದ್ಯೇನೇ ಮೂಳಿ!' ಎಂದು ಗದರಿ, ಹಾಲವ್ವನಿಗಿಂತ ಮುಂದಾಗಿ ಊರ ಕಡೆಗೆ ಓಡಿದಳು. ನಮ್ಮೂರಿಗೆ ಅವಳು ಆಡಿದ ಬೈಗುಳ ಅದೊಂದೇ ಎನ್ನುತ್ತಾರೆ. ಹಾಲವ್ವನ ಮಗ ಉಳಿದ.

ಮಾವ ಹೋದ ಮೇಲೂ ಬಹುಕಾಲ ಬದುಕಿದ್ದ ತಿಪ್ಪಕ್ಕ ತೀರಿಕೊಂಡಾಗ ಊರಿನ ಹಿರಿಯರು ಸೇರಿ, ಬಂಡೆಯ ಮೇಲೆ ತಿಪ್ಪಮ್ಮನ ಗುಡಿ ಕಟ್ಟೋಣ ಎಂದರು. ಸತ್ತವರಿಗೆ ಗುಡಿ ಕಟ್ಟುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆಗ ತಲೆ ನೆರೆತ ಹಾಲವ್ವ ಎದ್ದು ನಿಂತು, ಗೋಡೆಯಾಚೆಯಿಂದ ಆಡಿದ ಸುಳ್ಳುಗಳನ್ನೆಲ್ಲ ಸಭೆಯ ಮುಂದೆ ಬಿಚ್ಚಿಟ್ಟಳು. 'ಅವಳ ಹೆಸರಲ್ಲಿ ಗುಡಿ ಕಟ್ಟಿದ್ರೆ, ನಾವು ಭಾಳ ಒಳ್ಳೇರಾಗಿದ್ವಿ ಅಂತ ನಮ್ ಮಕ್ಕಳು ತಿಳ್ಕಂತಾರೆ. ಬರದೇ ಇದ್ದೋರು ನಾವು. ಬಂಡೆಗೆ ನಮ್ ಹೆಸರೇ ಇರ್ಲಿ' ಎಂದಳು. ಅಂದಿನಿಂದ ಅದು ಬಾರದವರ ಬಂಡೆಯಾಯಿತು. ಹಾಲವ್ವ ತಾನು ಸಾಯುವ ತನಕ ಪ್ರತಿ ಮಂಗಳವಾರ ಒಂದು ಗಡಿಗೆ ನೀರು ಹೊತ್ತು ಬಂದು, ಹೊತ್ತು ಮುಳುಗುವವರೆಗೆ ಅಲ್ಲಿ ಕೂತು ಹೋಗುತ್ತಿದ್ದಳು. ಅವಳ ನಂತರ ಊರಿನ ಮನೆಗಳು ಆ ಕೆಲಸವನ್ನು ಸರದಿಯ ಮೇಲೆ ಹಂಚಿಕೊಂಡವು.

ಈಗಲೂ ಮಂಗಳವಾರ ಈ ದಾರಿಯಲ್ಲಿ ಬಂದವರು ಬೇವಿನ ಕೆಳಗೆ ಒಬ್ಬರು ನೀರಿನ ಗಡಿಗೆ ಇಟ್ಟುಕೊಂಡು ಕೂತಿರುವುದನ್ನು ಕಾಣಬಹುದು. ಅರವಟ್ಟಿಗೆಯೆಂದು ತಿಳಿದು ಕುಡಿದು, ಒಳ್ಳೆಯ ಊರು ಎಂದು ಹೊಗಳಿ ಹೋಗುತ್ತಾರೆ. ಹೊಗಳಿದಾಗ ಕೂತವರು ತಲೆ ತಗ್ಗಿಸುತ್ತಾರೆ; ಅದನ್ನು ವಿನಯವೆಂದು ಬಗೆಯಬೇಡಿ. ಇತ್ತೀಚೆಗೆ ಕೆಲವು ಮಂಗಳವಾರ ಇಲ್ಲಿ ಯಾರೂ ಇರುವುದಿಲ್ಲ. ಊರೊಳಗೆ ಹೋಗಿ ಕೇಳಿದರೆ ಈ ಮನೆಯವರು ಆ ಮನೆಯವರ ಸರದಿ ಎನ್ನುತ್ತಾರೆ, ಆ ಮನೆಯವರು ಮುಂದಿನ ಮನೆಯ ಕಡೆ ಕೈ ತೋರಿಸುತ್ತಾರೆ. ತಗೊಳ್ಳಿ, ನೀರು ಕುಡಿಯಿರಿ. ಇವತ್ತು ನಮ್ಮ ಮನೆಯ ಸರದಿಯಲ್ಲ. ಬೆಳಿಗ್ಗೆ ಬಂದು ನೋಡಿದೆ, ಯಾರೂ ಬಂದಿರಲಿಲ್ಲ.