ಹೊನ್ನಿ ಮಡುವಿನ ಸುದ್ದಿ ಹೇಳಿದ್ದು

ಒಂದು ಕಾಡಿನಲ್ಲಿ ಹೊನ್ನಿ ಎಂಬ ನೀರುನಾಯಿ ಇದ್ದಳು. ಹೊಳೆಯ ಮಡುಗಳಲ್ಲಿ ಮುಳುಗಿ ನೋಡಿ, ಬೇಸಿಗೆಯಲ್ಲಿ ಯಾವ ಮಡುವಿಗೆ ಇಳಿಯಬಹುದು ಎಂದು ಪ್ರಾಣಿಗಳ ಸಭೆಗೆ ತಿಳಿಸುವುದು ಅವಳ ಪಾಲಿಗೆ ಹೊಸದಾಗಿ ಬಂದ ಕೆಲಸ. ಮುಳುಗುವುದಕ್ಕೆ ಅವಳಿಗೆ ಅಂಜಿಕೆಯಿರಲಿಲ್ಲ. ಸಭೆ ಎಂದರೆ ಮಾತ್ರ ನಾಲಿಗೆಯ ಪಸೆ ಆರುತ್ತಿತ್ತು.

ನರಿ ಕೆಂಚಪ್ಪನಿಗೆ ಆ ಕೆಲಸದ ಮೇಲೆ ಕಣ್ಣು. ಮಡು ತೋರಿಸುವವರಿಗೆ ಕಾಡೆಲ್ಲ ಮರ್ಯಾದೆ ಕೊಡುತ್ತಿತ್ತು. ಸಭೆಗೆ ಮೂರು ದಿನ ಇರುವಾಗ ಅವನು ಹೊಳೆಯ ದಡಕ್ಕೆ ಬಂದ.

"ತಂಗೀ, ಮಾತಾಡೋದು ನಾನು ಕಲಿಸ್ತೀನಿ. ಯಾರ ಮುಖವನ್ನೂ ನೋಡಬೇಡ. ದೊಡ್ಡ ದೊಡ್ಡ ಮಾತು ಬಳಸು."

ಮರುದಿನ ಬಂದು, "ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ನೋಡು. ಎರಡೇ ಮಾತಲ್ಲಿ ಮುಗಿಸು" ಎಂದ.

"ನಿನ್ನೆ ಬೇರೆ ಹೇಳಿದ್ದೆಯಲ್ಲ ಕೆಂಚಣ್ಣ?"

"ಅದು ನಿನ್ನೆಗೆ."

ಹೊನ್ನಿಗೆ ತಲೆಬುಡ ತಿಳಿಯಲಿಲ್ಲ. ಬಂಡೆಯ ಮೇಲೆ ನಿಂತು ಅಭ್ಯಾಸ ಮಾಡಿದಳು. ಎಲ್ಲಿ ನೋಡಬೇಕು? ಬಾಲ ಎಲ್ಲಿಡಬೇಕು? ಅದನ್ನೇ ಯೋಚಿಸುತ್ತ ಹೇಳಬೇಕಾದ ವಿಷಯವೇ ಮರೆತುಹೋಯಿತು. ತಾನೇ ದಡ್ಡಿ ಇರಬೇಕು ಎಂದುಕೊಂಡಳು.

ಮೂರನೆಯ ದಿನ ಕೆಂಚಪ್ಪ ಮೆಲ್ಲಗೆ, "ನಿನಗ್ಯಾಕೆ ಈ ಕಷ್ಟ? ವಿಷಯ ನನಗೆ ಹೇಳು, ಸಭೇಲಿ ನಾನು ಮಾತಾಡ್ತೀನಿ" ಎಂದ.

"ಬಿದಿರುಮಡು ಬೇಡ, ಅಲ್ಲಿ ಹೂಳಿದೆ. ಹಾಸುಮಡು ಒಳ್ಳೇದು" ಎಂದಳು ಹೊನ್ನಿ. ಕೆಂಚಪ್ಪ ಆಗಲೇ ಮನಸ್ಸಿನಲ್ಲಿ ಭಾಷಣ ಕಟ್ಟುತ್ತಿದ್ದ. ಅವನ ತಲೆಯಲ್ಲಿ ಉಳಿದದ್ದು ಮೊದಲನೆಯ ಹೆಸರು ಮಾತ್ರ.

ಬಿದಿರುಮಡುವಿನ ದಡದಲ್ಲೇ ಸಭೆ ಸೇರಿತು. ಕೆಂಚಪ್ಪ ಹೊತ್ತೇರುವ ತನಕ ಮಾತಾಡಿದ. ಕೊನೆಗೆ, "ಈ ಬಿದಿರುಮಡುವೇ ನಮಗೆ ಸರಿ" ಎಂದ. ಎಲ್ಲರೂ ತಲೆದೂಗಿದರು.

ಹೊನ್ನಿ ಕಕ್ಕಾಬಿಕ್ಕಿಯಾದಳು. ನಾನು ಹೇಳಿದ್ದು ಹೀಗೆಯೇ? ಇಷ್ಟು ಜನ ಒಪ್ಪಿದ ಮೇಲೆ ತಪ್ಪಿದ್ದು ನಾನೇ ಇರಬಹುದೇ? ಅಷ್ಟರಲ್ಲಿ ಎರಡು ಆನೆಮರಿಗಳು ನೀರಿನತ್ತ ಓಡಿದವು.

"ಗೌರಜ್ಜೀ, ಮರಿಗಳನ್ನ ತಡೀರಿ" ಎಂದು ಹೊನ್ನಿ ಎದ್ದು ನಿಂತಳು. ಹಿರಿಯಾನೆ ಗೌರಜ್ಜಿ ಸೊಂಡಿಲು ಚಾಚಿ ಮರಿಗಳನ್ನು ತಡೆದಳು.

"ಯಾಕಮ್ಮ?"

ಹೊನ್ನಿಯ ದನಿ ನಡುಗುತ್ತಿತ್ತು. "ಮೊನ್ನೆ ನಾನು ಇಲ್ಲಿ ಮುಳುಗಿದ್ದೆ. ತಳ ಸಿಗಲಿಲ್ಲ ಅಜ್ಜಿ. ಕಾಲು ಕೆಸರಲ್ಲಿ ಸಿಕ್ಕಿಕೊಂಡಿತು. ನಾನೇ ಒದ್ದಾಡಿ ಹೊರಗೆ ಬಂದೆ. ಮರಿಗಳು ಇಳಿದರೆ ಮೇಲೆ ಬರೋದಿಲ್ಲ. ಹಾಸುಮಡುವಿನ ತಳ ಗಟ್ಟಿ ಕಲ್ಲು, ಅಲ್ಲಿಗೆ ಹೋಗೋಣ."

ಗೌರಜ್ಜಿ ನರಿಯತ್ತ ತಿರುಗಿದಳು. "ನೀನು ಇಳಿದು ನೋಡಿದ್ದೀಯಾ?"

"ನೋಡಿದ್ದೀನಿ ಅಜ್ಜಿ, ಎಷ್ಟೋ ಸಲ."

"ಹಾಗಾದರೆ ಈಗ ಇಳಿ."

ಸಭೆಯೆಲ್ಲ ನೋಡುತ್ತಿತ್ತು. ಕೆಂಚಪ್ಪ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕುತ್ತಿಗೆಯವರೆಗೆ ಹೂತುಹೋದ. ಗೌರಜ್ಜಿ ಅವನನ್ನು ಎಳೆದು ದಡಕ್ಕೆ ಹಾಕಿದಳು. ಕೆಸರು ಮೆತ್ತಿದ ಮೈಯಲ್ಲಿ ಅವನು ಯಾರ ಮುಖವನ್ನೂ ನೋಡದೆ ಪೊದೆಯೊಳಗೆ ನುಸುಳಿದ.

ಅಂದು ಪ್ರಾಣಿಗಳೆಲ್ಲ ಹೊನ್ನಿಯ ಹಿಂದೆ ನಡೆದು ಹಾಸುಮಡುವಿನಲ್ಲಿ ನೀರು ಕುಡಿದವು.

ನೀತಿ: ತಾನೇ ಕಂಡು ತಿಳಿದದ್ದನ್ನು ದನಿ ನಡುಗಿದರೂ ಎದ್ದು ನಿಂತು ಹೇಳಬೇಕು, ತಿಳಿಯದ್ದನ್ನು ಎಷ್ಟು ಚಂದವಾಗಿ ಹೇಳಿದರೂ ಒಂದು ಪ್ರಶ್ನೆಗೆ ಅದು ಬಯಲಾಗುತ್ತದೆ.